ಪೆಟ್ಟಿಗೆಯ ಮೇಲೆ ನಾನು ಬರೆದ ಸಾಲು

ರಜೆ ಮುಗಿದು ಕಾಲೇಜು ಶುರುವಾದ ಮೊದಲ ದಿನ ಕನ್ನಡ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ, ರಜೆಯಲ್ಲಿ ಏನು ಮಾಡಿದಿರಿ ಎಂದು ಕೇಳಿದರು. ಒಬ್ಬಳು ಟ್ಯಾಲಿ ಕಲಿತೆ ಅಂದಳು, ಇನ್ನೊಬ್ಬಳು ಸಿಎ ಫೌಂಡೇಶನ್‌ಗೆ ಓದಲು ಶುರುಮಾಡಿದೆ ಅಂದಳು. ನನ್ನ ಸರದಿ ಬಂದಾಗ 'ಆಟಿಕೆ ಕಂಪನಿಯಲ್ಲಿ ಕೆಲಸ ಮಾಡಿದೆ ಮೇಡಂ' ಅಂದೆ. ಇಡೀ ಕ್ಲಾಸು ನಕ್ಕಿತು. 'ದಿನಾ ಆಟ ಆಡ್ಕೊಂಡು ಸಂಬಳ ತಗೊಂಡ್ಯಾ?' ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ನಾನೂ ನಕ್ಕು ಕೂತುಬಿಟ್ಟೆ. ಆವತ್ತು ಹೇಳಬೇಕಾಗಿದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಊರು ಚನ್ನಪಟ್ಟಣ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋಗುವವರೆಲ್ಲ ರಸ್ತೆ ಬದಿಯ ಅಂಗಡಿಗಳಲ್ಲಿ ತೂಗುಹಾಕಿದ ಬಣ್ಣದ ಆಟಿಕೆ ನೋಡಿರುತ್ತೀರಿ. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳು ಈ ಕೆಲಸ ಕಲಿಸಿದರು, ಆಮೇಲೆ ಬಾವಾಸ್ ಮಿಯಾನ್ ಎಂಬುವರು ಜಪಾನಿನ ಕಡೆತದ ರೀತಿಯನ್ನು ತಂದರು ಎಂದು ನಮ್ಮೂರಲ್ಲಿ ಹಿರಿಯರು ಹೇಳುತ್ತಾರೆ. ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆಯೂ ಇದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ನಮ್ಮೂರ ಹೆಸರು ಹೇಳಿದ್ದರು. ಇದನ್ನೆಲ್ಲ ಪ್ರಬಂಧ ಸ್ಪರ್ಧೆಗೆ ನಾವು ಎಷ್ಟೋ ಸಲ ಬರೆದಿದ್ದೇವೆ. ನಾನೇ ಎಂಟನೇ ಕ್ಲಾಸಿನಲ್ಲಿ ಬರೆದು ಸ್ಟೀಲ್ ತಟ್ಟೆ ಬಹುಮಾನ ತಗೊಂಡವಳು. ಆಗ ನಾನು ಒಂದು ದಿನವೂ ಪ್ಯಾಕಿಂಗ್ ಮೇಜಿನ ಹತ್ತಿರ ನಿಂತಿರಲಿಲ್ಲ.

ನಮ್ಮ ಅಬ್ಬಾ ಹದಿನಾರು ವರ್ಷ ಲೇತ್ ಮೇಲೆ ಕೆಲಸ ಮಾಡಿದವರು. ಮರದ ಪುಡಿಗೆ ಕೆಮ್ಮು ಹಿಡಿದ ಮೇಲೆ ಬಿಟ್ಟು ಆಟೋ ಓಡಿಸುತ್ತಿದ್ದಾರೆ. ಖಾಲಾ ಮಾತ್ರ ಇನ್ನೂ ಅದೇ ಕೆಲಸದಲ್ಲಿದ್ದಾರೆ. ಊರ ಹೊರಗಿನ ಒಂದು ಕಂಪನಿಯಲ್ಲಿ ಅರಗು ಹಚ್ಚುತ್ತಾರೆ. ಈದ್ ಮುಗಿದ ಮೇಲೆ ನಾನೂ ಬರುತ್ತೇನೆ ಅಂದಾಗ ಅಬ್ಬಾ ಒಂದೇ ಮಾತು ಹೇಳಿದರು: 'ಹೋಗು ಬೇಟಾ, ಆದರೆ ಲೇತ್ ಹತ್ತಿರ ಕೂರಬೇಡ.' ಕಂಪನಿಯವರು ನನ್ನನ್ನು ತಪಾಸಣೆಗೂ ಪ್ಯಾಕಿಂಗ್‌ಗೂ ಹಾಕಿದರು. ಆರು ವಾರದ ಕೆಲಸ.

ಇದು ರಸ್ತೆ ಬದಿಯಲ್ಲಿ ಮಾರುವ ಬೊಂಬೆಗಳ ಕಂಪನಿಯಲ್ಲ. ಇವರದು 'ಶೈಕ್ಷಣಿಕ ಆಟಿಕೆ'. ಕಡ್ಡಿಗೆ ಪೋಣಿಸುವ ಉಂಗುರಗಳು, ಎಣಿಕೆಯ ಮಣಿಚೌಕಟ್ಟು, ಆಕಾರ ನೋಡಿ ತೂತಿನೊಳಗೆ ಹಾಕುವ ಗಟ್ಟಿಗಳು, ದಾರ ಪೋಣಿಸುವ ದಪ್ಪ ಮಣಿಗಳು. ಬೆಂಗಳೂರಿನಲ್ಲಿ ಯಾರೋ ಡಿಸೈನ್ ಮಾಡಿ ನಕ್ಷೆ ಕಳಿಸುತ್ತಾರೆ, ಇಲ್ಲಿ ಕಡೆಯುತ್ತಾರೆ. ಮರ ಆಲೆಮರ. ಹಾಲಿನ ಬಣ್ಣ, ಎಳೆ ಕಾಣದಷ್ಟು ನಯ. ತಿಂಗಳುಗಟ್ಟಲೆ ಒಣಗಿಸಬೇಕು. ತಿರುಗುವ ಮರಕ್ಕೆ ಉಳಿ ಹಿಡಿದರೆ ಸಿಪ್ಪೆ ರಿಬ್ಬನ್ನಿನ ಹಾಗೆ ಸುರುಳಿಯಾಗಿ ಹಾರುತ್ತದೆ. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಬೆಂಕಿ ಬೇಡ, ಕುಂಚ ಬೇಡ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯ ತುಂಡನ್ನು ಹಿಡಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಖಾಲಾ ಒಂದು ಉಂಗುರವನ್ನು ಹೀಗೆ ಮುಗಿಸುವುದನ್ನು ನೋಡುತ್ತಾ ನಾನು ಮೊದಲ ದಿನ ಕೆಲಸವನ್ನೇ ಮರೆತು ನಿಂತಿದ್ದೆ. 'ಸಿನಿಮಾನಾ ಇದು? ಹೋಗು, ನಿನ್ನ ಮೇಜು ಆ ಕಡೆ' ಎಂದು ಬೈದರು.

ನನ್ನ ಮೇಜಿನ ಮೇಲೆ ಒಂದು ವೆರ್ನಿಯರ್, ಒಂದು ಬಿಳಿ ಬಟ್ಟೆ, ಒಂದು ಪುಟ್ಟ ಸಿಲಿಂಡರ್ ಇದ್ದವು. ಈ ಸಿಲಿಂಡರ್ ವಿಷಯ ನಿಮಗೆ ಹೇಳಲೇಬೇಕು. ಮೂರು ವರ್ಷದೊಳಗಿನ ಮಗುವಿನ ಗಂಟಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಳತೆ ಅದು. ಒಳಗಿನ ಅಗಲ 31.7 ಮಿಲಿಮೀಟರ್. ಆಟಿಕೆಯಾಗಲಿ, ಅದರಿಂದ ಕಳಚಿದ ಚೂರಾಗಲಿ ಪೂರ್ತಿಯಾಗಿ ಅದರೊಳಗೆ ಕೂತುಬಿಟ್ಟರೆ, ಮಗು ಅದನ್ನು ನುಂಗಿ ಉಸಿರುಗಟ್ಟಬಹುದು ಎಂದು ಅರ್ಥ. ಆ ವಯಸ್ಸಿನ ಮಕ್ಕಳಿಗೆ ಅದನ್ನು ಮಾರುವಂತಿಲ್ಲ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ವಸ್ತುಗಳಿಗೂ ಜಿಐ ನೋಂದಣಿ ಇರುವವರ ವಸ್ತುಗಳಿಗೂ ವಿನಾಯಿತಿ ಕೊಟ್ಟಿದ್ದಾರೆ. ಆದರೆ ನಮ್ಮ ಮೇಡಂ (ಕಂಪನಿಯ ಒಡತಿಯನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು) ಮಗುವಿನ ಗಂಟಲಿಗೆ ವಿನಾಯಿತಿ ಇಲ್ಲ ಎನ್ನುತ್ತಿದ್ದರು. ಆ ಒಂದು ಮಾತಿಗೆ ನನಗೆ ಅವರ ಮೇಲೆ ಇವತ್ತಿಗೂ ಗೌರವವಿದೆ. ಮುಂದೆ ಬರೆಯುವುದನ್ನು ಓದುವಾಗ ಇದನ್ನೂ ನೆನಪಿಡಿ.

ಕೆಲಸ ಸುಲಭ, ಆದರೆ ಸಣ್ಣದಲ್ಲ. ಉಂಗುರವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಬೇಕು, ಏಕೆಂದರೆ ಮಗು ಮೊದಲು ಮಾಡುವ ಕೆಲಸ ಅದನ್ನು ಬಾಯಿಗೆ ಹಾಕಿಕೊಳ್ಳುವುದು. ಬೆರಳ ತುದಿಯಿಂದ ಅಂಚು ಸವರಬೇಕು. ಕಣ್ಣಿಗೆ ಕಾಣದ ಸಿಬಿರು ಬೆರಳಿಗೆ ಸಿಗುತ್ತದೆ. ಎರಡನೇ ವಾರಕ್ಕೆ ನಾನು ಕಣ್ಣುಮುಚ್ಚಿ ಹೇಳಬಲ್ಲವಳಾಗಿದ್ದೆ. ಮನೆಗೆ ಬಂದು ಊಟದ ತಟ್ಟೆಯ ಅಂಚನ್ನೂ ಸವರುತ್ತಿದ್ದೆ. ಅಮ್ಮಿ ಹಣೆ ಮುಟ್ಟಿ ನೋಡಿದರು, ಜ್ವರವೇನೋ ಎಂದು.

ಮೂರನೇ ವಾರ ನಡೆದದ್ದು ಬೇರೆ. ಪೋಣಿಸುವ ಆಟಿಕೆಯ ಮೇಲ್ತುದಿಯ ಪುಟ್ಟ ಉಂಗುರಗಳು ಒಂದು ಮಂಕರಿ ಬಂದವು. ಅಭ್ಯಾಸದಂತೆ ಒಂದನ್ನು ಸಿಲಿಂಡರ್‌ಗೆ ಹಾಕಿದೆ. ಟಕ್ ಎಂದು ಒಳಗೆ ಕೂತಿತು. ಇನ್ನೊಂದು ಹಾಕಿದೆ, ಅದೂ ಹಾಗೇ. ವೆರ್ನಿಯರ್‌ನಲ್ಲಿ ನೋಡಿದರೆ ಮೂವತ್ತೊಂದೂವರೆ. ನಕ್ಷೆ ತೆಗೆದು ನೋಡಿದೆ: 32 ಎಂದು ಬರೆದಿತ್ತು. ಕಡೆದವರು ಕಡೆಯುವಾಗ 32ಕ್ಕೇ ಕಡೆದಿದ್ದರು. ಮರ ಪೂರ್ತಿ ಒಣಗಿರಲಿಲ್ಲ. ಮೇ ತಿಂಗಳ ಬಿಸಿಲಿಗೆ ಒಣಗಿ ಅರ್ಧ ಮಿಲಿಮೀಟರ್ ಕುಗ್ಗಿತ್ತು. ಮಂಕರಿಯನ್ನು ಪಕ್ಕಕ್ಕಿಟ್ಟು 'ತಿರಸ್ಕೃತ' ಎಂದು ಚೀಟಿ ಹಚ್ಚಿದೆ.

ಕಡೆದವರು ಅಬ್ಬಾ ಜೊತೆ ಒಂದೇ ಸಾಲಿನಲ್ಲಿ ಕೂತು ಕೆಲಸ ಮಾಡಿದ್ದ ಚಾಚಾ. ನನ್ನನ್ನು ಎತ್ತಿ ಆಡಿಸಿದವರು. ಅವರಿಗೆ ದಿನದ ಸಂಬಳವಿಲ್ಲ, ಪೀಸ್ ಲೆಕ್ಕ. ತಿರಸ್ಕರಿಸಿದ ಪೀಸಿಗೆ ಕಾಸಿಲ್ಲ. ಅವರು ನನ್ನ ಮೇಜಿನ ಹತ್ತಿರ ಬಂದು ಒಂದು ಉಂಗುರ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. 'ಇದರಲ್ಲಿ ಏನು ತಪ್ಪಿದೆ ತೋರಿಸು ಬೇಟಿ' ಅಂದರು. ತೋರಿಸಿದೆ. ಸಿಲಿಂಡರ್‌ನಲ್ಲಿ ಕೂತ ಉಂಗುರವನ್ನು ಬಹಳ ಹೊತ್ತು ನೋಡಿ, 'ನಕ್ಷೆ ನನ್ನದಲ್ಲ, ಮರ ನನ್ನದಲ್ಲ, ಬಿಸಿಲೂ ನನ್ನದಲ್ಲ' ಅಂದು ಹೋದರು. ಒಂದೂವರೆ ದಿನದ ಕೆಲಸ ಅದು.

ಆ ರಾತ್ರಿ ಅಬ್ಬಾಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. 'ನೀನು ಬಿಟ್ಟಿದ್ದರೆ ಯಾರದೋ ಮಗುವಿಗೆ ತೊಂದರೆ ಆಗುತ್ತಿತ್ತು. ನಿನ್ನ ಕೆಲಸ ಸರಿ. ಆದರೆ ಅವನ ಕಾಸು ಹೋಗಿದ್ದು ಸರಿಯಲ್ಲ. ಒಂದು ಸರಿ ಇದ್ದ ಮಾತ್ರಕ್ಕೆ ಇನ್ನೊಂದು ಸರಿ ಆಗಲ್ಲ' ಅಂದರು. ಮಾರನೇ ದಿನ ಧೈರ್ಯ ಮಾಡಿ ಮೇಡಂ ಹತ್ತಿರ ನಕ್ಷೆ ಹಿಡಿದು ಹೋದೆ. 31.7ರ ಗೆರೆಗೆ 32ರ ನಕ್ಷೆ ಕೊಟ್ಟರೆ ಮರಕ್ಕೆ ಕುಗ್ಗಲು ಜಾಗವೇ ಇಲ್ಲ, ಈ ತಪ್ಪು ಕಾಗದದ ಮೇಲೇ ಆಗಿದೆ ಎಂದೆ. ಅವರು ಕೇಳಿಸಿಕೊಂಡರು. ನಕ್ಷೆ ಬದಲಾಯಿತು, ಪುಟ್ಟ ಉಂಗುರ 38 ಆಯಿತು. ಚಾಚಾಗೆ ಅರ್ಧ ಹಣ ಕೊಟ್ಟರು. ಅರ್ಧ ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅಕೌಂಟೆನ್ಸಿಯಲ್ಲಿ ನಾವು ಸಾಮಾನ್ಯ ನಷ್ಟ, ಅಸಾಮಾನ್ಯ ನಷ್ಟ ಎಂದು ಬಾಯಿಪಾಠ ಮಾಡುತ್ತೇವೆ. ಆ ನಷ್ಟ ಯಾರ ಮನೆಯ ಅಕ್ಕಿಯ ಡಬ್ಬದಿಂದ ಹೋಗುತ್ತದೆ ಎಂಬ ಕಾಲಂ ನಮ್ಮ ಪುಸ್ತಕದಲ್ಲಿಲ್ಲ. ಇದು ನಮ್ಮ ಕಾಮರ್ಸ್ ಸರ್‌ಗಳ ಮೇಲಿನ ದೂರಲ್ಲ. ಬೇಕಿದ್ದರೆ ಒಂದು ಶನಿವಾರ ಇಡೀ ಕ್ಲಾಸನ್ನು ಕರೆದುಕೊಂಡು ಬನ್ನಿ ಸರ್, ನಾನು ದಾರಿ ತೋರಿಸುತ್ತೇನೆ.

ಈಗ ತಲೆಬರಹದ ವಿಷಯಕ್ಕೆ ಬರುತ್ತೇನೆ.

ಐದನೇ ವಾರ ಹೊಸ ಪೆಟ್ಟಿಗೆ ಮುದ್ರಣಕ್ಕೆ ಹೋಗಬೇಕಿತ್ತು. ನನಗೆ ಕನ್ನಡ ಚೆನ್ನಾಗಿ ಬರುತ್ತದೆಂದು ಯಾರೋ ಹೇಳಿದ್ದರು. ಮೇಡಂ ಇಂಗ್ಲಿಷಿನಲ್ಲಿದ್ದ ನಾಲ್ಕು ಸಾಲು ಕೊಟ್ಟು ಕನ್ನಡ ಮಾಡು ಅಂದರು. ಮೊದಲ ಸಾಲು ಮರ ಮತ್ತು ಬಣ್ಣದ ಬಗ್ಗೆ. ಎರಡನೆಯದು ವಯಸ್ಸಿನ ಬಗ್ಗೆ. ಮೂರನೆಯದು: ಈ ಆಟಿಕೆ ಮಗುವಿನ ಬುದ್ಧಿಶಕ್ತಿಯನ್ನು ಹೆಚ್ಚಿಸುತ್ತದೆ, ಗಣಿತದಲ್ಲಿ ಮುಂದೆ ತರುತ್ತದೆ ಎಂದು. ನಾನು ಪೆನ್ನು ನಿಲ್ಲಿಸಿದೆ. 'ಮೇಡಂ, ಇದನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರಾ?' ಎಂದು ಕೇಳಿದೆ. ಬಣ್ಣಕ್ಕೆ ಬಟ್ಟೆ ಇದೆ, ಗಂಟಲಿಗೆ ಸಿಲಿಂಡರ್ ಇದೆ, ಈ ಸಾಲಿಗೆ ಯಾವ ಅಳತೆ ಇದೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಅವರಿಗೆ ಸಿಟ್ಟು ಬರಲಿಲ್ಲ. ದಣಿದ ದನಿಯಲ್ಲಿ ಹೇಳಿದರು: 'ಅಂಗಡಿಯಲ್ಲಿ ಪಕ್ಕದ ಪ್ಲಾಸ್ಟಿಕ್ ಪೆಟ್ಟಿಗೆ ಮೇಲೆ ಇದಕ್ಕಿಂತ ದೊಡ್ಡದಾಗಿ ಬರೆದಿರುತ್ತಾರಮ್ಮ. ನಾವು ಬರೀದೇ ಇದ್ದರೆ ತಾಯಿ ಆ ಪೆಟ್ಟಿಗೆ ತಗೋತಾಳೆ. ನಿನ್ನ ಖಾಲಾಗೆ ಕೆಲಸ ಇರಬೇಕಾ ಬೇಡವಾ?'

ಬರೆದುಕೊಟ್ಟೆ. ಐನೂರು ಪೆಟ್ಟಿಗೆ ಮುದ್ರಣವಾಗಿ ಬಂದವು. ನಾನೇ ಮಡಚಿ, ನಾನೇ ಉಂಗುರ ತುಂಬಿ, ನಾನೇ ಟೇಪು ಹಚ್ಚಿದೆ. ಮೊದಲ ಸಲ ನನ್ನ ಕನ್ನಡ ಅಚ್ಚಾಗಿದ್ದು ಅಲ್ಲಿ. ಯಾರಿಗೂ ತೋರಿಸಲಿಲ್ಲ.

ತೂಕದಲ್ಲಿ ಮೋಸ ಮಾಡಬಾರದು ಎಂದು ಚಿಕ್ಕಂದಿನಿಂದ ಮದರಸದಲ್ಲೂ ಮನೆಯಲ್ಲೂ ಕೇಳಿಕೊಂಡೇ ಬೆಳೆದವರು ನಾವು. ಸಂತೆಯಲ್ಲಿ ತಕ್ಕಡಿಯ ಮುಳ್ಳು ನೋಡುತ್ತೇವೆ. ಮಾತಿಗೂ ತೂಕವಿದೆಯಲ್ಲ, ಅದನ್ನು ಯಾವ ಮುಳ್ಳಿನಲ್ಲಿ ನೋಡುವುದು? ಆ ಸಾಲು ಪೂರ್ತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಉಂಗುರ ಪೋಣಿಸುವ ಮಗು ಏನನ್ನೋ ಕಲಿಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಆದರೆ 'ಗಣಿತದಲ್ಲಿ ಮುಂದೆ ತರುತ್ತದೆ' ಎಂದು ಬರೆದಾಗ ನಾವು ಮಾರುತ್ತಿರುವುದು ಉಂಗುರವನ್ನಲ್ಲ, ತಾಯಿಯ ಭಯವನ್ನು. ಎರಡು ವರ್ಷದ ಮಗು ಹಿಂದೆ ಬಿದ್ದುಬಿಡುತ್ತದೆ ಎಂಬ ಭಯ. ಅದು ನಮ್ಮ ಮನೆಗಳಲ್ಲೂ ಇದೆ. ಇಲ್ಲದಿದ್ದರೆ ಎರಡೂವರೆ ವರ್ಷಕ್ಕೇ ಪ್ಲೇಹೋಂ ಫೀಸಿಗೆ ಚೀಟಿ ಎತ್ತುವವರು ಯಾರು?

ಆ ಪೆಟ್ಟಿಗೆಯ ಬೆಲೆ ಎಷ್ಟೆಂದು ಒಂದು ದಿನ ಖಾಲಾ ಕೇಳಿದರು. ಎಂಆರ್‌ಪಿ ಓದಿ ಹೇಳಿದೆ. ಅವರ ಎರಡು ದಿನದ ಕೂಲಿಗಿಂತ ಸ್ವಲ್ಪ ಜಾಸ್ತಿ. ಅವರು ಏನೂ ಅನ್ನಲಿಲ್ಲ, ಅರಗಿನ ಕಡ್ಡಿ ಎತ್ತಿಕೊಂಡರು. ಎಷ್ಟು ವರ್ಷದಿಂದ ಆ ಉಂಗುರಗಳಿಗೆ ಬಣ್ಣ ಹಚ್ಚುತ್ತಿದ್ದಾರೋ! ಅವರ ಇಬ್ಬರು ಮಕ್ಕಳೂ ಅದರಲ್ಲಿ ಆಡಿಲ್ಲ. ಬೆಲೆಯಲ್ಲಿ ಅಂಗಡಿಯವನ ಪಾಲಿದೆ, ಸಾಗಣೆ ಇದೆ, ತೆರಿಗೆ ಇದೆ, ಹಿಂದಿರುಗಿ ಬರುವ ಮಾಲಿದೆ. ಮೇಡಂ ದೊಡ್ಡ ಬಂಗಲೆ ಕಟ್ಟಿಲ್ಲ ಎಂಬುದೂ ನನಗೆ ಗೊತ್ತು. ಆದರೂ ಆ ಲೆಕ್ಕ ಎಷ್ಟು ಸಲ ಹಾಕಿದರೂ ನನ್ನ ಮನಸ್ಸಿಗೆ ಸರಿಹೊಂದಲಿಲ್ಲ.

ಕೆಲಸ ಬಿಡುವ ದಿನ ಮೇಡಂ ನನಗೆ ಸೆಕೆಂಡ್ಸ್ ಮಾಲಿನ ಒಂದು ಸೆಟ್ ಕೊಟ್ಟರು. ಅಂದರೆ ಬಣ್ಣದಲ್ಲಿ ಸಣ್ಣ ಕಲೆ ಇರುವಂಥದ್ದು. ಮನೆಗೆ ತಂದು ಅಕ್ಕನ ಮಗನ ಮುಂದಿಟ್ಟೆ. ಅವನಿಗೆ ಎರಡೂವರೆ ವರ್ಷ. ಪೆಟ್ಟಿಗೆಯಲ್ಲಿ ಬರೆದಂತೆ ಅವನು ಆಡಲೇ ಇಲ್ಲ. ದೊಡ್ಡ ಉಂಗುರವನ್ನು ಕೈಗೆ ಬಳೆ ಮಾಡಿಕೊಂಡ. ಇನ್ನೊಂದನ್ನು ಅಡುಗೆಮನೆ ತನಕ ಉರುಳಿಸಿದ. ಕಡ್ಡಿಯನ್ನು ಮೈಕು ಮಾಡಿಕೊಂಡು ಅಜಾನ್ ಕೂಗಿದ, ಮನೆಯವರೆಲ್ಲ ನಕ್ಕೂ ನಕ್ಕೂ ಸುಸ್ತಾದೆವು. ಮೂರನೇ ದಿನವೋ ನಾಲ್ಕನೇ ದಿನವೋ ನಾನಿ ಅವನ ಪಕ್ಕ ಕಾಲು ಚಾಚಿ ಕೂತು, ಸುಮ್ಮನೆ, ಒಂದೊಂದೇ ಉಂಗುರ ಕಡ್ಡಿಗೆ ಹಾಕತೊಡಗಿದರು. ಅವನು ನೋಡಿದ. ಒಂದು ಚಿಕ್ಕದನ್ನು ದೊಡ್ಡದರ ಕೆಳಗೆ ಹಾಕಿದ. ಮೇಲಿನದು ಸರಿಯಾಗಿ ಕೂರದೆ ಗೋಪುರ ಸೊಟ್ಟಗಾಯಿತು. ಯಾರೂ 'ತಪ್ಪು' ಅನ್ನಲಿಲ್ಲ. ಅವನೇ ತೆಗೆದ, ಮತ್ತೆ ಹಾಕಿದ.

ನಮ್ಮ ಲೈಬ್ರರಿಯ ಶಿಕ್ಷಣದ ಕಪಾಟಿನಲ್ಲಿ ಮಾರಿಯಾ ಮಾಂಟೆಸ್ಸೊರಿ ಬಗ್ಗೆ ಒಂದು ಪುಸ್ತಕವಿದೆ. ಇಟಲಿಯ ಈ ವೈದ್ಯೆ 1939ರಲ್ಲಿ ಭಾರತಕ್ಕೆ ಬಂದು ಮಹಾಯುದ್ಧದ ವರ್ಷಗಳನ್ನು ಇಲ್ಲೇ ಕಳೆದವರು. ಮದರಾಸಿನ ಅಡ್ಯಾರ್‌ನಲ್ಲೂ ಕೊಡೈಕೆನಾಲ್‌ನಲ್ಲೂ ಇದ್ದು ಶಿಕ್ಷಕರಿಗೆ ತರಬೇತಿ ಕೊಟ್ಟರು. ತಪ್ಪನ್ನು ಟೀಚರ್ ಹೇಳಬಾರದು, ವಸ್ತುವೇ ಹೇಳಬೇಕು ಎಂಬುದು ಅವರ ವಿಚಾರ. ಸೊಟ್ಟಗಾದ ಗೋಪುರ ಅದನ್ನೇ ಮಾಡಿತು. ಅವರಿಗಿಂತ ಮುಂಚೆ, 1830ರ ದಶಕದಲ್ಲೇ, ಜರ್ಮನಿಯಲ್ಲಿ ಫ್ರೋಬೆಲ್ ಎಂಬುವರು ಮರದ ಗೋಳ, ಘನ, ಸಿಲಿಂಡರ್‌ಗಳನ್ನು ಮಕ್ಕಳ ಕೈಗೆ ಕೊಟ್ಟು ಕಿಂಡರ್‌ಗಾರ್ಟನ್ ಶುರು ಮಾಡಿದರು. ಅವನ್ನು ಅವರು ಕರೆದದ್ದು 'ಕೊಡುಗೆಗಳು' ಎಂದು. ನಮ್ಮ ದೇಶದಲ್ಲಿ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದಲೇ ರೇಖಾಗಣಿತದ ಆಕಾರಗಳನ್ನು ಮಾಡಿ ಕಲಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ನಮ್ಮ ನಾನಿಗೆ ಇವರಾರೂ ಗೊತ್ತಿಲ್ಲ. ನನಗೆ ಹತ್ತರ ತನಕ ಎಣಿಕೆ ಕಲಿಸಿದ್ದು ಅವರೇ, ಚೌಕಾಬಾರದ ಮನೆಗಳ ಮೇಲೆ ಹುಣಸೆ ಬೀಜ ಸರಿಸುತ್ತಾ. ಆ ಬೀಜಗಳ ಪೊಟ್ಟಣದ ಮೇಲೆ ಏನೂ ಬರೆದಿರಲಿಲ್ಲ.

ಹಾಗಾದರೆ ಮರದ ಆಟಿಕೆ ಬೇಡವೇ, ಹುಣಸೆ ಬೀಜ ಸಾಕೇ ಎಂದು ಒಬ್ಬ ಗೆಳತಿ ವಾದಕ್ಕಿಳಿದಳು. ಬೇಕು. ಹುಣಸೆ ಬೀಜ ಎರಡು ವರ್ಷದ ಮಗುವಿನ ಕೈಗೆ ಕೊಡುವ ವಸ್ತುವಲ್ಲ, ಸಿಲಿಂಡರ್ ನೋಡಿದ ನನಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಕೈಗೆ ಹಿತವಾದ, ಬಾಯಿಗಿಟ್ಟರೂ ಭಯವಿಲ್ಲದ, ಬಿದ್ದರೂ ಒಡೆಯದ ವಸ್ತು ಮಾಡುವುದು ದೊಡ್ಡ ಕೆಲಸ. ಅದನ್ನು ನಮ್ಮೂರಲ್ಲಿ ನಮ್ಮ ಜನ ಮಾಡುತ್ತಾರೆ. ಪೆಟ್ಟಿಗೆಯ ಮೇಲೆ ಅಷ್ಟನ್ನೇ ಬರೆಯಲಿ ಎನ್ನುತ್ತೇನೆ: ಆಲೆಮರ, ಅರಗು, ಚನ್ನಪಟ್ಟಣ, ಕಡೆದವರ ಹೆಸರು, ಯಾವ ವಯಸ್ಸಿಗೆ. ಜೊತೆಗೆ, ಮಗುವಿನ ಪಕ್ಕ ಸ್ವಲ್ಪ ಹೊತ್ತು ಕೂತುಕೊಳ್ಳಿ ಎಂಬ ಒಂದು ಮಾತು. ಮೇಡಂಗೆ ಇದನ್ನು ಹೇಳಿ ಬಂದಿದ್ದೇನೆ. ಮುಂದಿನ ಮುದ್ರಣಕ್ಕೆ ನೋಡೋಣ ಅಂದಿದ್ದಾರೆ. ನಾಲ್ಕು ಸಾಲು ಬರೆದು ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಬಂದಿಲ್ಲ.

ಇದನ್ನು ಕಾಲೇಜಿನ ಪತ್ರಿಕೆಗೆ ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ಆಡಳಿತ ಮಂಡಳಿಯೇ ನಡೆಸುವ ನರ್ಸರಿ ಇದೇ ಆವರಣದಲ್ಲಿದೆ. ಜೂನ್‌ನಲ್ಲಿ ತಂಗಿಯ ಅಡ್ಮಿಶನ್‌ಗೆಂದು ಹೋಗಿದ್ದೆ. ಆಫೀಸಿನ ಗಾಜಿನ ಬೀರುವಿನಲ್ಲಿ ಇದೇ ಉಂಗುರಗಳ ಸೆಟ್ಟು, ಮಣಿಚೌಕಟ್ಟು, ಆಕಾರದ ಗಟ್ಟಿಗಳು ಸಾಲಾಗಿದ್ದವು. ಬೀಗ ಹಾಕಿತ್ತು. ಮಕ್ಕಳು ಕಳೆದುಬಿಡುತ್ತಾರೆ, ತಪಾಸಣೆಗೆ ಬಂದವರಿಗೆ ತೋರಿಸಬೇಕು ಎಂದು ಅಲ್ಲಿಯ ಆಯಾ ಹೇಳಿದರು. ಟೀಚರ್‌ಗಳ ಕಷ್ಟ ನನಗೆ ಅರ್ಥವಾಗುತ್ತದೆ. ಒಬ್ಬರು ನಲವತ್ತು ಮಕ್ಕಳನ್ನು ನೋಡಿಕೊಳ್ಳುವಾಗ ಉಂಗುರ ಎಣಿಸುತ್ತಾ ಕೂರಲು ಆಗುವುದಿಲ್ಲ. ಆದರೆ ಆ ಸೆಟ್ಟಿನ ಮೇಲೆ ಯಾರೋ ಒಂದು ದಿನ ಅರಗು ಹಿಡಿದು ಕೂತಿದ್ದಾರೆ. ಗಾಜಿನೊಳಗೆ ಇಡಲೆಂದು ಅವರು ಅಂಚು ನಯ ಮಾಡಿರಲಿಲ್ಲ.

ಪ್ರಿನ್ಸಿಪಾಲ್ ಸರ್ ಅವರಲ್ಲಿ ನನ್ನ ವಿನಂತಿ ಇಷ್ಟೇ. ಶನಿವಾರ ನಮಗೆ ಮಧ್ಯಾಹ್ನ ಕ್ಲಾಸಿಲ್ಲ. ನರ್ಸರಿ ಬಿಡುವ ಮುಂಚಿನ ಒಂದು ಗಂಟೆ ನಾವು ಏಳೆಂಟು ಜನ ಹುಡುಗಿಯರು ಅಲ್ಲಿಗೆ ಹೋಗಿ ಮಕ್ಕಳ ಜೊತೆ ಕೂರುತ್ತೇವೆ, ಬಿಡುವಾಗ ಎಣಿಸಿ ಬೀರುವಿಗೆ ಹಾಕುತ್ತೇವೆ. ಲೆಕ್ಕದ ಪುಸ್ತಕ ನಾನೇ ಬರೆಯುತ್ತೇನೆ. ಸೈನ್ಸ್ ವಿಭಾಗದ ಇಬ್ಬರು ಈಗಲೇ ಬರುತ್ತೇವೆ ಅಂದಿದ್ದಾರೆ. ಆ ಬೀರುವಿನಲ್ಲಿರುವ ಸೆಟ್ಟಿನಲ್ಲಿ ಹಸಿರು ಉಂಗುರ ಇಲ್ಲ, ಗಾಜಿನ ಹೊರಗಿನಿಂದಲೇ ನೋಡಿದೆ. ಅಕ್ಕನ ಮಗನ ಸೆಟ್ಟಿನಲ್ಲಿ ಎರಡು ಹಸಿರು ಬಂದಿವೆ, ಪ್ಯಾಕ್ ಮಾಡುವಾಗ ನಾನೇ ಮಾಡಿದ ತಪ್ಪು. ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಅಳತೆಯನ್ನೂ ನೋಡಿದ್ದೇನೆ.